ಎರಡು ದಿನ ಕೂರಬೇಕು

ಬೈಕಿನ ಹಿಂದಿನ ಡ್ರೈವಿನ ಮುಚ್ಚಳದ ಅಂಚಿಗೆ, ಎಣ್ಣೆ ಸೋರದಂತೆ ತಡೆಯಲು ಅಂಟಿಕೊಂಡಿದ್ದ ಗ್ಯಾಸ್ಕೆಟ್ಟು ಅಂಗಡಿಯದಲ್ಲ ಎಂಬುದು ಆರ್ನೊ ನೋಸ್ಕನ ಹೆಬ್ಬೆರಳಿಗೆ ಮೊದಲು ತಿಳಿಯಿತು. ಅಂಗಡಿಯ ಕಾಗದ ಎಣ್ಣೆ ಕುಡಿದು ಗಟ್ಟಿಯಾಗಿ, ಉಗುರು ತಾಗಿದರೆ ಒಣಗಿದ ಎಲೆಯ ಹಾಗೆ ಸಿಡಿಯುತ್ತದೆ. ಇದು ಮೆತ್ತಗಿತ್ತು, ಎಳೆದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಅವನು ಅದನ್ನು ಕಿಟಕಿಯ ಬಳಿಗೆ ಒಯ್ದು, ಸ್ವಲ್ಪ ಚೆನ್ನಾಗಿದ್ದ ಎಡಗಣ್ಣಿನ ಹತ್ತಿರ ಹಿಡಿದು ನೋಡಿದನು. ಒಂದು ಬದಿ ಬೂದು ಬಣ್ಣದ ರಟ್ಟು. ಇನ್ನೊಂದು ಬದಿಯಲ್ಲಿ, ಎಣ್ಣೆಯ ಕಪ್ಪಿನ ಅಡಿಯಲ್ಲಿ, ಮಾಸಿದ ಹಳದಿಯ ಮೇಲೆ ಅರ್ಧ ಗೋಧಿತೆನೆ. ಬೆಳಗ್ಗೆ ಹಾಲಿನಲ್ಲಿ ನೆನೆಸಿ ತಿನ್ನುವ ಗೋಧಿ ಬಿಲ್ಲೆಗಳ ಡಬ್ಬಿ ಅದು. ಎಷ್ಟೋ ವರ್ಷ ಅವನ ಊಟದ ಮೇಜಿನ ಮೇಲೆ ಸಕ್ಕರೆ ಬಟ್ಟಲಿನ ಪಕ್ಕದಲ್ಲಿ ನಿಂತಿದ್ದ ಡಬ್ಬಿ. ಹೊರಗೆ ದ್ರಾಕ್ಷಿ ತೋಟದ ಮೇಲೆ, ಈ ದಕ್ಷಿಣದ ಸೀಮೆಗೆ ಚಳಿಗಾಲವಾದ ಜುಲೈ ತಿಂಗಳ ಹಿಮ ಇನ್ನೂ ಕರಗದೆ ಬೆಳ್ಳಗೆ ಕೂತಿತ್ತು. ಯಾರದೋ ಒಲೆಯ ಹೊಗೆ ಮೇಲೇರಲಾರದೆ ಸಾಲುಗಳ ನಡುವೆ ಹರಡಿಕೊಂಡಿತ್ತು. ಅಂದು ಶನಿವಾರ. ಸಂಜೆ ಪಾಸ್ಟರ ಮನೆಗೆ ಹೋಗಿ ಮರುದಿನ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಹೆಸರು ಕೊಟ್ಟು ಬರಬೇಕಾಗಿತ್ತು.

ತೆರೆಯಬಾರದಿತ್ತು. ಹೆಂಡತಿಯ ತಮ್ಮ ಕ್ಲೆಮ್ ತನ್ನ ಬೈಕನ್ನು ತಂದು ನಿಲ್ಲಿಸಿದಾಗ ಸ್ಪಷ್ಟವಾಗಿ ಹೇಳಿದ್ದನು, ಹಿಂದಿನ ಡ್ರೈವಿನಲ್ಲಿ ಎಣ್ಣೆ ಜಿನುಗುತ್ತಿದೆ, ಹೊರಗಿನಿಂದಲೇ ಸೀಲ್ ಬದಲಿಸಿದರೆ ಸಾಕು, ಒಳಗೆ ಕೈ ಹಾಕುವುದು ಬೇಡ ಎಂದು. ಆರ್ನೊ ತಲೆಯಾಡಿಸಿದ್ದನು. ಆದರೆ ಈ ಕಣಿವೆಯಲ್ಲಿ, ಸರಪಳಿಯಿಲ್ಲದೆ ಶಾಫ್ಟಿನಿಂದ ಓಡುವ ಹಳೆಯ ಜರ್ಮನ್ ಬೈಕುಗಳು ಎಷ್ಟಿವೆಯೋ ಅಷ್ಟರ ಡ್ರೈವನ್ನೂ ಒಮ್ಮೆಯಾದರೂ ಬಿಚ್ಚಿ ಜೋಡಿಸಿದವನು ತಾನು. ತನಗೆ ಒಳಗೆ ನೋಡಬೇಡ ಎಂದು ಹೇಳುವುದೆಂದರೇನು? ಡ್ರೈವೆಂದರೆ ಹಿಂದಿನ ಚಕ್ರದ ಬಳಿ ಶಾಫ್ಟು ಬಂದು ಸೇರುವ ತಲೆಗಾತ್ರದ ಪೆಟ್ಟಿಗೆ. ಅದರಲ್ಲಿ ಎರಡೇ ಗೇರುಗಳು, ಒಂದು ಸಣ್ಣದು, ಒಂದು ದೊಡ್ಡದು. ಅವುಗಳ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಸಂದನ್ನು ಕೊಡುವುದು ಶಿಮ್ ಎನ್ನುವ ಉಕ್ಕಿನ ತೆಳು ಬಳೆಗಳು. ಯಾವ ಬಳೆ, ಎಷ್ಟು ದಪ್ಪ, ಅದೇ ಇಡೀ ವಿದ್ಯೆ. ತಪ್ಪಿದರೆ ಹಲ್ಲು ಹಲ್ಲನ್ನು ತಿನ್ನುತ್ತದೆ, ಒಂದು ದಿನ ಓಡುತ್ತಿರುವ ಚಕ್ರವೇ ಕಚ್ಚಿಕೊಂಡು ನಿಲ್ಲುತ್ತದೆ. ಬೆಳಗಿನ ಪ್ರಾರ್ಥನೆ ಮುಗಿಸಿ, ತಣ್ಣಗಿನ ಸಾಸೇಜು ಬ್ರೆಡ್ಡು ತಿಂದು, ಅವನು ನೆಟ್ಟಗೆ ಶೆಡ್ಡಿಗೆ ಬಂದು ಮುಚ್ಚಳವನ್ನೇ ಎಬ್ಬಿಸಿದ್ದನು.

ರಟ್ಟಿನಲ್ಲಿ ಬೋಲ್ಟಿಗಾಗಿ ಮಾಡಿದ ತೂತುಗಳು ದುಂಡಗಿರಲಿಲ್ಲ. ರಟ್ಟನ್ನು ಅಲ್ಲಲ್ಲಿ ಮಡಿಸಿ, ಮಡಿಕೆಯ ಮೂಲೆಯನ್ನು ಕತ್ತರಿಯಿಂದ ಕಚ್ಚಿದ್ದರಿಂದ ಪ್ರತಿಯೊಂದು ತೂತೂ ಇಸ್ಪೀಟಿನ ಡೈಮಂಡಿನ ಆಕಾರ ಪಡೆದಿತ್ತು. ತೂತು ಹೊಡೆಯುವ ಉಳಿ ಇಲ್ಲದಿದ್ದಾಗ ಹಾಗೆ ಮಾಡುತ್ತಾರೆ. ಎಷ್ಟೋ ವರ್ಷದ ಹಿಂದೆ, ಯಂಟಾ ಎಂಬ ಊರಿನ ಪೆಟ್ರೋಲ್ ಬಂಕಿನ ನೆರಳಿನಲ್ಲಿಯೂ ಉಳಿ ಇರಲಿಲ್ಲ. ಮದುವೆಯಾದ ಮೊದಲ ಬೇಸಿಗೆ, ಬ್ರೋಕನ್ ಹಿಲ್ಲಿಗೆ ಹೊರಟಿದ್ದ ದಾರಿಯಲ್ಲಿ ಎಣ್ಣೆಯೆಲ್ಲ ಸೋರಿ, ಬಂಕಿನವನು ಕೊಟ್ಟ ಬಿಸ್ಕತ್ತಿನ ಡಬ್ಬಿಯನ್ನು ಮುಚ್ಚಳದ ಮೇಲಿಟ್ಟು, ಸುತ್ತಿಗೆಯ ಗುಂಡು ತುದಿಯಿಂದ ಅಂಚನ್ನು ತಟ್ಟುತ್ತ ಹೋದರೆ ಲೋಹವೇ ರಟ್ಟನ್ನು ಕತ್ತರಿಸುತ್ತದೆ ಎಂದು ಅವನು ಹೆಂಡತಿಗೆ ತೋರಿಸಿದ್ದನು. ಮೆಲ್ಲಗೆ, ಮೊಟ್ಟೆ ಒಡೆದ ಹಾಗಲ್ಲ, ಮಗುವಿನ ಬೆನ್ನು ತಟ್ಟಿದ ಹಾಗೆ, ಎಂದಿದ್ದನು. ಹಾಗೆ ಹೇಳಿ ತಾನೇ ನಾಚಿಕೊಂಡಿದ್ದನು. ಅವರಿಗೆ ಮಕ್ಕಳಾಗಲಿಲ್ಲ. ಫ್ರೀಡಾ ಹೊಲಿಗೆ ಪೆಟ್ಟಿಗೆಯಿಂದ ಕತ್ತರಿ ತೆಗೆದು ತೂತುಗಳನ್ನು ಮಡಿಸಿ ಕಚ್ಚಿದ್ದಳು. ಅವು ದುಂಡಗಾಗಲಿಲ್ಲವೆಂದು ಅವನು ನಕ್ಕಾಗ, ಬೋಲ್ಟು ಹೋದರೆ ಸಾಕಲ್ಲ, ಅದಕ್ಕೇನು ಉಂಗುರ ತೊಡಿಸಬೇಕೆ ಎಂದಿದ್ದಳು. ಈ ವರ್ಷ ಈಸ್ಟರಿನ ಹಿಂದಿನ ವಾರ ಅವಳ ಶವಪೆಟ್ಟಿಗೆಯನ್ನು ಸ್ಮಶಾನದ ಕೆಂಪು ಮಣ್ಣಿಗಿಳಿಸುವಾಗ ಆ ಕೈಗಳು ಎದೆಯ ಮೇಲಿದ್ದವು. ಬೆರಳ ಸಂದಿನಲ್ಲಿ ಕಪ್ಪು ಇತ್ತೇ? ಅವನು ಎಂದೂ ನೋಡಿರಲಿಲ್ಲ. ತೋಟದ ಮಣ್ಣಿರಬಹುದು ಎಂದುಕೊಂಡಿದ್ದನೇನೋ.

ಅವನು ಶಿಮ್ಮುಗಳನ್ನು ಹೊರತೆಗೆದು, ಒರೆಸಿ, ದಪ್ಪ ಅಳೆಯುವ ಮೈಕ್ರೋಮೀಟರಿನ ಬಾಯಿಗಿಟ್ಟನು. ಮನೆಯೊಳಗಿಂದ ಬೈಬಲ್ ಓದುವ ಭೂತಗನ್ನಡಿಯನ್ನೂ ಮೇಜಿನ ದೀಪವನ್ನೂ ತಂದನು. ಈ ಕೆಲಸಕ್ಕೆ ಅವನು ಭೂತಗನ್ನಡಿ ಹಿಡಿದದ್ದು ಇದೇ ಮೊದಲು. ಯಾರಾದರೂ ಬಂದರೆ ಎಂದು ಬಾಗಿಲನ್ನು ಅರ್ಧ ಎಳೆದುಕೊಂಡನು. ಬಲಗಣ್ಣಿನ ನಡುವಿನ ಮಂಜಿನ ಚುಕ್ಕೆ ಅಳತೆಯ ಗೆರೆಗಳ ಮೇಲೆ ಸರಿಯಾಗಿ ಕೂರುತ್ತಿತ್ತು. ಕಣ್ಣನ್ನು ಹೊರಳಿಸಿದರೆ ಚುಕ್ಕೆಯೂ ಹೊರಳುತ್ತಿತ್ತು. ಹಾಗಿದ್ದರೂ, ತನ್ನ ಬೆರಳಿಗೆ ಗೆರೆ ಬೇಕಿಲ್ಲ, ಮೈಕ್ರೋಮೀಟರಿನ ತಿರುಪು ನಿಲ್ಲುವ ಜಾಗ ಕೈಗೇ ಗೊತ್ತು ಎಂದು ಬೈಕ್ ಕ್ಲಬ್ಬಿನವರ ಮುಂದೆ ಎಷ್ಟು ಸಲ ಹೇಳಿದ್ದನು! ಎಡಗಣ್ಣಿನಲ್ಲಿ ಓದಿದ ಅಂಕಿ, ಹಿಂದೆ ಈ ಡ್ರೈವನ್ನು ಜೋಡಿಸುವಾಗ ಅವನು ಹಾಕಿದ ಶಿಮ್ಮಿನದಾಗಿರಲಿಲ್ಲ. ಅದಕ್ಕಿಂತ ತೆಳುವಾದದ್ದು. ರಟ್ಟು ಕಾಗದಕ್ಕಿಂತ ದಪ್ಪವೆಂದು ಅದರ ಲೆಕ್ಕವನ್ನೂ ಹಿಡಿದು ಆರಿಸಿದ್ದು. ದೊಡ್ಡ ಗೇರಿನ ಹಲ್ಲುಗಳ ಮೇಲೆ ಸವೆತದ ಹೊಳಪು ನಟ್ಟನಡುವೆ, ಅಂಚಿಗೆ ಒಂದಿಷ್ಟೂ ಸರಿಯದೆ, ಒಂದೇ ಅಗಲದಲ್ಲಿ ಸುತ್ತಿ ಬಂದಿತ್ತು. ಒಂದು ಕ್ಷಣ ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಎಂಥ ಕೆಲಸ, ಎಂದುಕೊಂಡನು, ಯಾರು ಮಾಡಿದ್ದೆಂದು ಮರೆತವನಂತೆ. ಆಮೇಲೆ ಕಿವಿಯ ಹಿಂದಿನಿಂದ ಬಿಸಿಯಾಗುತ್ತ ಬಂತು.

ಎರಡು ದಿನ ಕೂರಬೇಕು. ಡ್ರೈವು ಜೋಡಿಸಿ ಎಣ್ಣೆ ಹಾಕಿದ ಮೇಲೆ ಎರಡು ದಿನ ಅದನ್ನು ಮುಟ್ಟಬಾರದು ಎಂಬುದು ಅವನ ನಿಯಮವಾಗಿತ್ತು. ಮಂಗಳವಾರ ಮುಗಿಸಿದರೆ ಗುರುವಾರ ಬನ್ನಿ. ಗ್ಯಾಸ್ಕೆಟ್ಟಿನ ಕಾಗದ ಎಣ್ಣೆ ಕುಡಿದು ಉಬ್ಬಿ ತನ್ನ ಜಾಗ ಹಿಡಿಯಲು ಅಷ್ಟು ಹೊತ್ತು ಬೇಕು. ಅವಸರದವರ ಡ್ರೈವುಗಳೇ ಸೋರುವುದು. ಇದನ್ನು ಅವನು ಕ್ಲಬ್ಬಿನ ಊಟಗಳಲ್ಲಿ ಹೇಳಿದ್ದನು, ಮರ್ರಿ ಬ್ರಿಜ್ಜಿನಿಂದ ಬಂದವನೊಬ್ಬ ಎರಡು ಸಲ ಕೇಳಿ ತಿಳಿದುಕೊಂಡು ಹೋಗಿದ್ದನು. ಈಗ ನೆನಪನ್ನು ಹಿಂದಕ್ಕೆ ಎಳೆದರೆ ಆ ಮಾತು ಮೊದಲು ಹುಟ್ಟಿದ್ದು ಫ್ರೀಡಾಳ ಬಾಯಲ್ಲಿ. ನಾಲ್ಕು ವರ್ಷದ ಹಿಂದೆ, ಕ್ಲೆಮ್ ಬರ್ರಾ ದಾರಿಯಲ್ಲಿ ಇದೇ ಬೈಕಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡ ಮೇಲೆ. ಬೇರಿಂಗ್ ಕಳಪೆಯದಿತ್ತು ಭಾವ ಎಂದು ಕ್ಲೆಮ್ ಆಸ್ಪತ್ರೆಯ ಹಾಸಿಗೆಯಲ್ಲಿ ಹೇಳಿದ್ದನು. ಅದೇ ಡ್ರೈವನ್ನು ಆರ್ನೊ ಮತ್ತೆ ಜೋಡಿಸಿದಾಗ, ಎರಡು ದಿನ ಇಟ್ಟು ಕೊಡಿ ಎಂದಿದ್ದಳು ಅವಳು, ಆಲೂಗಡ್ಡೆ ಹೆರೆಯುತ್ತ, ತಲೆಯೆತ್ತದೆ. ಯಾಕೆ ಎಂದು ಅವನು ಕೇಳಲಿಲ್ಲ. ಕಾರಣವನ್ನು ತಾನೇ ಕಟ್ಟಿಕೊಂಡನು. ಕಟ್ಟಿಕೊಂಡು ಊರಿಗೆಲ್ಲ ಬೋಧಿಸಿದನು.

ಮಧ್ಯದ ಬುಧವಾರ. ಬುಧವಾರ ಅವನು ವೃದ್ಧರ ಮನೆಗೆ ಹೋಗಿ ಕಣ್ಣು ಕಾಣದವರಿಗೆ ಕೀರ್ತನೆಗಳನ್ನು ಓದಿ ಹೇಳುತ್ತಿದ್ದನು. ಅದಕ್ಕಾಗಿ ಚರ್ಚಿನ ಸಭೆಯ ಹಿರಿಯರು ಒಮ್ಮೆ ಎಲ್ಲರ ಮುಂದೆ ಅವನ ಹೆಸರು ಹೇಳಿ ದೇವರಿಗೆ ಸ್ತೋತ್ರ ಮಾಡಿದ್ದರು. ತಲೆ ತಗ್ಗಿಸಿ ಕೂತು, ಪಕ್ಕದಲ್ಲಿ ಫ್ರೀಡಾಳ ತೊಡೆಯ ಮೇಲಿನ ಕೈಚೀಲದ ಕೊಂಡಿಯನ್ನು ನೋಡುತ್ತಿದ್ದುದು ನೆನಪಿದೆ. ಬುಧವಾರ ಹೋಗಿ ಬನ್ನಿ, ಪಾಪ, ಅವರಿಗೆ ಯಾರಿದ್ದಾರೆ ಎಂದು ಕಳುಹಿಸಿದವಳು ಅವಳೇ. ತನಗೆ ಶೆಡ್ಡು ಖಾಲಿ ಬೇಕಿತ್ತೆಂದು ಕಳುಹಿಸಿದ್ದಳು. ಓದಿದ ಕೀರ್ತನೆಗಳು, ಆ ಮುದುಕಿಯರು ಹಿಡಿದುಕೊಳ್ಳುತ್ತಿದ್ದ ಕೈ, ವಾಪಸು ಬರುವಾಗ ಮನಸ್ಸಿನಲ್ಲಿ ಇರುತ್ತಿದ್ದ ಒಂದು ಹಗುರ, ಅವೆಲ್ಲ ಏನಾದವು ಈಗ? ಅವನು ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು. ಶೆಡ್ಡಿನಲ್ಲಿ ಉಪಕರಣಗಳು ಅವನು ಇಟ್ಟ ಜಾಗದಲ್ಲೇ, ಅವನು ಇಟ್ಟ ಓರೆಯಲ್ಲೇ ಇರುತ್ತಿದ್ದವು. ಆ ಓರೆಯನ್ನೂ ಅವಳು ಗಮನಿಸಿ ಹಾಗೇ ಇಡುತ್ತಿದ್ದಳು.

ಕ್ಲೆಮ್ ಬಂದಾಗ ರಟ್ಟು ಬೆಂಚಿನ ಮೇಲೇ ಇತ್ತು. ಮುಚ್ಚಿಡಬೇಕೆಂದು ಆರ್ನೊಗೆ ಹೊಳೆಯಲಿಲ್ಲ. ಕ್ಲೆಮ್ ತನ್ನ ಹೆಂಡತಿ ಕೊಟ್ಟುಕಳಿಸಿದ ಸೌತೆಕಾಯಿ ಉಪ್ಪಿನಕಾಯಿಯ ಭರಣಿ ಹಿಡಿದು ಒಳಗೆ ಬಂದನು, ಚಳಿಯನ್ನು ಬೈದನು, ತೋಟದವರು ಈ ವರ್ಷ ಬಳ್ಳಿಗಳನ್ನು ಕಿತ್ತೇ ಹಾಕುತ್ತಾರಂತೆ ಎಂದು ಏನೋ ಆರಂಭಿಸಿದನು. ಆಮೇಲೆ ಬೆಂಚಿನ ಕಡೆ ನೋಡಿ ಮಾತು ನಿಲ್ಲಿಸಿದನು. ಅರವತ್ತು ದಾಟಿದ, ದೊಡ್ಡ ಮೈಯ, ಯಾವಾಗಲೂ ಏನಾದರೊಂದು ತಮಾಷೆ ಸಿದ್ಧವಿಟ್ಟುಕೊಂಡಿರುವ ಮನುಷ್ಯ.

"ಒಳಗೆ ಕೈ ಹಾಕ್ಬೇಡಿ ಅಂದಿದ್ನಲ್ಲ ಭಾವ," ಎಂದನು. "ನಿಮ್ಮ ಕೈಗೆ ಸುಮ್ನಿರೋದು ಗೊತ್ತೇ ಇಲ್ಲ."

ಕ್ಲೆಮ್ ಭರಣಿಯನ್ನು ಇಡಲು ಜಾಗ ಹುಡುಕುತ್ತ ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡನು.

"ನಿನಗೆ ಗೊತ್ತಿತ್ತು," ಎಂದನು ಆರ್ನೊ.

"ಗೊತ್ತಿತ್ತು."

"ಇನ್ನೂ ಯಾರ್‍ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳಿ ಭಾವ, ಬೇಗ ಮುಗಿಯತ್ತೆ."

ಹೇಳಿದ ಕೂಡಲೇ ಅವನಿಗೇ ಅದು ಕಹಿಯಾಯಿತೆಂದು ಕಾಣುತ್ತದೆ. ಭರಣಿಯನ್ನು ನೆಲದ ಮೇಲಿಟ್ಟು, ತಲೆಕೆಳಗಾಗಿಸಿದ್ದ ಡಬ್ಬದ ಮೇಲೆ ಕೂತನು. ಆಮೇಲೆ ಹೇಳಿದ್ದನ್ನೆಲ್ಲ ನೆಲಕ್ಕೇ ಹೇಳಿದನು. ಬರ್ರಾದಲ್ಲಿ ಬಿದ್ದ ಮೇಲೆ ಅಕ್ಕ ತಾನೇ ಆ ಡ್ರೈವನ್ನು ತೆರೆದು ನೋಡಿದ್ದಳು. ಶಿಮ್ಮು ತಪ್ಪಿತ್ತು. ಅಡಿಲೇಡಿನ ಯಾವುದೋ ಅಂಗಡಿಗೆ ಕ್ಲೆಮ್ಮನ ಕಾರಿನಲ್ಲಿ ಹೋಗಿ, ಶಿಮ್ಮುಗಳ ಇಡೀ ಸೆಟ್ಟು ತಂದು, ಅದನ್ನು ಹೊಲಿಗೆಯ ಗುಂಡಿಗಳ ಡಬ್ಬಿಯಲ್ಲಿಟ್ಟುಕೊಂಡಿದ್ದಳು. ಬೈಕು ಬಿಟ್ಟುಹೋದವರಿಗೆ ಫೋನು ಮಾಡಿ, ಗುರುವಾರಕ್ಕೆ ಮುಂಚೆ ಬರಬೇಡಿ ಎನ್ನುತ್ತಿದ್ದಳು. ಮೊದಮೊದಲು ಒಬ್ಬಿಬ್ಬರು ನಕ್ಕಿದ್ದರು. ಆಮೇಲೆ ಅವಳ ಕೆಲಸ ನೋಡಿ ಯಾರೂ ನಗಲಿಲ್ಲ. ಒಂದು ಗ್ಯಾಸ್ಕೆಟ್ಟು ಹರಿದಾಗ ಅಂಗಡಿಯದು ತರಲು ದಿನವಿರಲಿಲ್ಲ, ಡಬ್ಬಿ ಕತ್ತರಿಸಿದ್ದಳು, ಅದು ಕ್ಲೆಮ್ಮನದೇ. ತಮ್ಮನದಲ್ಲವೇ, ನಡೆಯುತ್ತದೆ ಎಂದಿದ್ದಳಂತೆ. ಅವಳು ಹೋದ ಮೇಲೆ, ವಿಷಯ ಗೊತ್ತಿದ್ದ ಯಾರೂ ಆರ್ನೊನ ಬಳಿಗೆ ಡ್ರೈವು ತರಲಿಲ್ಲ. ದುಃಖದಲ್ಲಿರುವವನಿಗೆ ತೊಂದರೆ ಕೊಡಬಾರದೆಂದು ಬರುತ್ತಿಲ್ಲ ಎಂದು ಆರ್ನೊ ಅಂದುಕೊಂಡಿದ್ದನು, ಅದಕ್ಕಾಗಿ ಅವರನ್ನು ಮನಸ್ಸಿನಲ್ಲೇ ಮೆಚ್ಚಿದ್ದನು.

"ನೀನ್ಯಾಕೆ ತಂದೆ ಹಾಗಾದ್ರೆ?"

"ನೀವು ಖಾಲಿ ಕೂತಿರೋದನ್ನ ನೋಡಕ್ಕಾಗ್ಲಿಲ್ಲ ಭಾವ. ಸೀಲ್ ಮಾತ್ರ ಅಲ್ವಾ, ಅದೇನಾಗತ್ತೆ ಅಂದ್ಕೊಂಡೆ."

ಆಗ ಆರ್ನೊಗೆ ಪಾಸ್ಟರ ಬೈಕು ನೆನಪಾಯಿತು. ನೆನಪಾಯಿತು ಎನ್ನುವುದು ಸರಿಯಲ್ಲ. ಬೆಳಗಿನಿಂದ ಅದು ಅವನ ಬೆನ್ನ ಹಿಂದೆ ನಿಂತೇ ಇತ್ತು, ಅವನು ತಿರುಗಿರಲಿಲ್ಲ. ಪಾಸ್ಟರ್ ಫೀಬಿಗ್ ಈ ಸಭೆಗೆ ಹೊಸಬರು, ಬಂದದ್ದು ಕ್ರಿಸ್‌ಮಸ್ಸಿನ ಹೊತ್ತಿಗೆ. ಫ್ರೀಡಾಳ ಅಂತ್ಯಕ್ರಿಯೆ ನಡೆಸಿದವರು ಅವರೇ. ಹಳೆಯ ಶಾಫ್ಟಿನ ಬೈಕೊಂದನ್ನು ಅಗ್ಗಕ್ಕೆ ಕೊಂಡು, ಜೂನ್ ತಿಂಗಳಲ್ಲಿ ಅದರ ಡ್ರೈವನ್ನು ಆರ್ನೊಗೆ ತಂದುಕೊಟ್ಟಿದ್ದರು. ಮಂಗಳವಾರ ಮುಗಿಸಿ, ಎರಡು ದಿನ ಕೂರಬೇಕು ಎಂದು ಅವನು ಗಂಭೀರವಾಗಿ ಹೇಳಿ, ಗುರುವಾರ ಕೊಟ್ಟಿದ್ದನು. ಆ ಎರಡು ದಿನ ಅದು ಬೆಂಚಿನ ಮೇಲೆ ಸುಮ್ಮನೆ ಕೂತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ಕ್ಲೆಮ್ ಅವನ ಮುಖ ನೋಡುತ್ತಿದ್ದನು. ತಾನೇ ಪಾಸ್ಟರಿಗೆ ಹೇಳಬೇಕೆಂದು ತಿಂಗಳಿಂದ ಅಂದುಕೊಂಡೆ, ಬಾಯಿ ಬರಲಿಲ್ಲ, ಆಗ ನೀವು ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ ಎಂದನು. ಸೋಮವಾರ ಬೆಳಗ್ಗೆ ಅವರು ಒಬ್ಬರೇ ಉತ್ತರಕ್ಕೆ ಹೊರಟಿದ್ದಾರೆ, ಹಾಕರ್ ಎಂಬ ಊರು ದಾಟಿ ಯಾವುದೋ ಕುರಿಗಾರರ ಮನೆಯ ಮಗುವಿಗೆ ದೀಕ್ಷಾಸ್ನಾನ ಕೊಡಲು, ಅದೇ ಬೈಕಿನಲ್ಲಿ. ಈಗಲೇ ಫೋನು ಮಾಡಿಬಿಡುತ್ತೇನೆ ಎಂದು ಜೇಬಿಗೆ ಕೈಹಾಕಿದನು.

"ನಾನೇ ಹೇಳ್ತೀನಿ," ಎಂದನು ಆರ್ನೊ.

"ಇವತ್ತೇ ಹೇಳ್ಬೇಕು ಭಾವ."

"ಸಾಯಂಕಾಲ ಹೆಸರು ಕೊಡಕ್ಕೆ ಹೋಗ್ತೀನಲ್ಲ. ಆಗ ಹೇಳ್ತೀನಿ."

ಕ್ಲೆಮ್ ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೊರಟನು. ಅವನು ಹೇಳದೆ ಬಿಟ್ಟದ್ದೇನೆಂದು ಆರ್ನೊ ಮಧ್ಯಾಹ್ನವಿಡೀ ಯೋಚಿಸಿದನು.

ಹೆಸರು ಕೊಡುವುದೆಂದರೆ ಅವನ ಅಜ್ಜನ ಕಾಲದಲ್ಲಿ ಪಾಸ್ಟರ ಜಗಲಿಯ ತುಂಬ ಜನ. ಭೋಜನಕ್ಕೆ ಬರುವವರು ಹಿಂದಿನ ದಿನ ಬಂದು ಒಬ್ಬೊಬ್ಬರಾಗಿ ಮೇಜಿನ ಮುಂದೆ ನಿಲ್ಲಬೇಕು. ಪಾಸ್ಟರು ಮುಖ ನೋಡಿ, ಯಾರ ಮೇಲಾದರೂ ಮುನಿಸಿದೆಯೇ, ಯಾರಿಗಾದರೂ ಅನ್ಯಾಯ ಮಾಡಿದ್ದುಂಟೇ ಎಂದು ಕೇಳುವರು. ಬೇಲಿಯ ಜಗಳ ಬಿಡದ ಇಬ್ಬರು ಅಣ್ಣತಮ್ಮಂದಿರನ್ನು ವಾಪಸು ಕಳಿಸಿದ ಕಥೆಯನ್ನು ತಂದೆ ಹೇಳುತ್ತಿದ್ದರು. ಈಗ ಜಗಲಿಯಲ್ಲಿ ಜನ ಕಾಣುವುದಿಲ್ಲ. ಬೇರೆಯವರು ಬೇರೆ ಹೊತ್ತಿಗೆ ಬರುತ್ತಿರಬಹುದು ಎಂದು ಆರ್ನೊ ಎಂದೋ ಅಂದುಕೊಂಡು, ಮತ್ತೆ ಅದನ್ನು ಯೋಚಿಸಿರಲಿಲ್ಲ. ಸ್ನಾನ ಮಾಡಿ, ಕೋಟು ಹಾಕಿ, ಪಿಕಪ್ಪಿನಲ್ಲಿ ಹೊರಟನು. ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿದನು. ಪಾಸ್ಟರೇ, ನಿಮ್ಮ ಬೈಕಿನ ವಿಷಯ ಒಂದಿತ್ತು. ಇದು ಸರಿಯಿಲ್ಲ. ಪಾಸ್ಟರೇ, ಸೀಲು ಇನ್ನೊಮ್ಮೆ ನೋಡಬೇಕು. ಇದು ಸುಳ್ಳು. ಆದರೆ ಎಂಥ ಸುಲಭದ ಸುಳ್ಳು, ಕೈಗೆ ಹಿಡಿದರೆ ಬೆಚ್ಚಗಿತ್ತು.

ಬಾಗಿಲು ತೆರೆದವಳು ಪಾಸ್ಟರ ಹೆಂಡತಿ ಟೆಸ್. ಅವಳು ಕೋಟು ತೊಟ್ಟು, ಕಾರಿನ ಬೀಗದಕೈ ಹಿಡಿದಿದ್ದಳು. ಒಳಗಿನ ಕಡೆ ತಿರುಗಿ, ಬಂದ್ರು ರೀ, ಇನ್ನು ನೀವೂ ಹೊರಡಬಹುದು ಎಂದು ಕೂಗಿದಳು. ಆಮೇಲೆ ಆರ್ನೊನ ಕಡೆ ನಕ್ಕು, ಅವರ ತಮ್ಮನ ಮನೆಯಲ್ಲಿ ಊಟ, ನೀವು ಬರೋವರೆಗೂ ಶನಿವಾರ ಇವರು ಎಲ್ಲಿಗೂ ಅಲ್ಲಾಡಲ್ಲ ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೆಸರು ಕೊಡಲು ಬರುವವನು ತಾನೊಬ್ಬನೇ, ಕ್ಲೆಮ್ ಹೇಳದೆ ಬಿಟ್ಟದ್ದು ಇದೇ ಎಂದು ಆರ್ನೊಗೆ ಹೊಸಿಲ ಮೇಲೆ ಒಂದು ಕಾಲಿಟ್ಟಾಗ ತಿಳಿಯಿತು. ತಿರುಗಿ ಹೋಗಬಹುದಿತ್ತು. ಆದರೆ ಮೇಜಿನ ಮೇಲೆ ಅವನಿಗಾಗಿ ಸ್ಟ್ರೋಯಿಸೆಲ್ ಕೇಕಿನ ಒಂದು ತುಂಡು ತಟ್ಟೆಯಲ್ಲಿ ಕಾದಿತ್ತು, ಪಾಸ್ಟರು ಎದ್ದು ನಿಂತಿದ್ದರು, ಕುರ್ಚಿ ಎಳೆದಿಟ್ಟಿದ್ದರು. ಅವನು ಕೂತನು. ಕೇಕು ತಿಂದನು. ಮೇಲಿನ ಸಕ್ಕರೆಯ ಪುಡಿ ಕೋಟಿನ ಮೇಲೆ ಬಿತ್ತು. ಅದನ್ನು ಒಂದೊಂದಾಗಿ ಹೆಕ್ಕಿದನು. ಬೈಕು ಹೇಗೆ ಓಡುತ್ತಿದೆ ಎಂದು ಕೇಳಿದನು. ಬೆಣ್ಣೆಯ ಹಾಗೆ, ಎಂದರು ಪಾಸ್ಟರು, ಬಿಸಿಯಾದಾಗ ಏನೋ ಸಣ್ಣಗೆ ಗುಂಯ್‌ಗುಡುತ್ತದೆ, ಅದು ಹಳೆಯ ಬೈಕುಗಳ ಸಂಗೀತವಲ್ಲವೇ. ಆರ್ನೊ ಹೌದೆಂಬಂತೆ ತಲೆಯಾಡಿಸಿದನು. ತಲೆ ತಾನಾಗಿ ಆಡಿತು. ಆಮೇಲೆ ಪಾಸ್ಟರು ಧ್ವನಿ ಬದಲಿಸಿ, ಅವನಿಗೆ ಬೇಕಾದ ಹಳೆಯ ರೀತಿಯಲ್ಲಿ, ಯಾರ ಮೇಲಾದರೂ ಮುನಿಸಿದೆಯೇ, ಯಾರಿಗಾದರೂ ಅನ್ಯಾಯವಾಗಿದೆಯೇ ಎಂದು ಕೇಳಿದರು. ಹೊರಗೆ ಕಾರು ಹೊರಟ ಸದ್ದು ಕೇಳಿಸಿತು. ಇಲ್ಲ, ಎಂದನು ಆರ್ನೊ. ಹೆಸರು ಹೇಳಿ ಎದ್ದನು.

ಜಗಲಿಯ ಪಕ್ಕದ ಮಾಡಿನ ಕೆಳಗೆ ಬೈಕು ನಿಂತಿತ್ತು. ಪಿಕಪ್ಪಿನ ಕಡೆ ಹೋಗುತ್ತಿದ್ದ ಕಾಲು ಅತ್ತ ಹೋಯಿತು. ಎಣ್ಣೆ ಸ್ವಲ್ಪ ಇಳಿಸಿಬಿಟ್ಟರೆ ಸಾಕು, ಆಮೇಲೆ ಬಾಗಿಲು ತಟ್ಟಿ, ಸೋರುತ್ತಿದೆ ಪಾಸ್ಟರೇ, ಸೀಲು ಹೋಗಿದೆ, ಸೋಮವಾರ ಕಾರಿನಲ್ಲಿ ಹೋಗಿ, ಎನ್ನಬಹುದು. ಬೈಕನ್ನು ಒಯ್ದು ಅಡಿಲೇಡಿನಲ್ಲಿ ಸರಿಮಾಡಿಸಿ, ತಾನೇ ಮಾಡಿದಂತೆ ತಂದುಕೊಡಬಹುದು. ಯಾರಿಗೂ ಏನೂ ಆಗುವುದಿಲ್ಲ. ಕೋಟಿನ ಜೇಬಿನಲ್ಲಿ ಸ್ಪ್ಯಾನರು ಇತ್ತು. ಅದನ್ನು ಜೇಬಿಗೆ ಹಾಕಿಕೊಂಡದ್ದು ಯಾವಾಗ? ಮನೆಯಿಂದ ಹೊರಡುವಾಗಲೇ ಹಾಕಿಕೊಂಡಿದ್ದನು; ಹಾಗಾದರೆ ಮನೆಯಿಂದ ಹೊರಡುವಾಗಲೇ ತಾನು ಹೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕಾಂಕ್ರೀಟಿನ ಮೇಲೆ ಮೊಣಕಾಲೂರಿ ಡ್ರೈವಿನ ತಳದ ತಿರುಪನ್ನು ಸಡಿಲಿಸಿದನು. ಚಳಿಗೆ ಮಂದವಾಗಿದ್ದ ಎಣ್ಣೆ ದಾರದಂತೆ ಇಳಿಯಿತು. ಅವನ ಅಂಗೈ ಅಭ್ಯಾಸದಿಂದ ಕೆಳಗೆ ಹೋಗಿ ಅದನ್ನು ಹಿಡಿಯಿತು. ಬೆರಳುಗಳು ಅದನ್ನು ಉಜ್ಜಿ ನೋಡಿದವು. ಒಳಗೆ ಮರಳಿನಂಥದು ಇತ್ತು. ಅವನು ಅಂಗೈಯನ್ನು ಸಂಜೆಯ ಬೆಳಕಿಗೆ ಓರೆಯಾಗಿ ಎಡಗಣ್ಣಿನ ಹತ್ತಿರ ಹಿಡಿದನು. ಕಪ್ಪು ಎಣ್ಣೆಯ ತುಂಬ ಬೆಳ್ಳಿ. ಸಣ್ಣ ಸಣ್ಣ ಹೊಳಪು, ಅಂಗೈಯ ಗೆರೆಗಳಲ್ಲೆಲ್ಲ ಹರಿದು ನಿಂತಿತ್ತು. ಹಲ್ಲು ಹಲ್ಲನ್ನು ತಿನ್ನುತ್ತಿತ್ತು. ಹಾಕರಿನವರೆಗೆ ಅದು ಬಾಳುತ್ತಿರಲಿಲ್ಲ.

"ಆರ್ನೊ ಅವರೆ? ಏನಾಯ್ತು, ಸೋರ್ತಾ ಇದ್ಯಾ?"

ಪಾಸ್ಟರು ಹಿಂದೆ ನಿಂತಿದ್ದರು. ಹೌದು ಎಂದರೆ ಸಾಕಾಗಿತ್ತು. ಆ ಮಾತನ್ನು ಅವರೇ ಅವನ ಬಾಯಿಗೆ ತಂದಿಟ್ಟಿದ್ದರು. ಆರ್ನೊ ಮೊಣಕಾಲ ಮೇಲಿದ್ದಂತೆಯೇ ಅರ್ಧ ತಿರುಗಿ ಅಂಗೈಯನ್ನು ಮೇಲೆ ಚಾಚಿದನು.

"ಇದನ್ನ ನೋಡಿ ಪಾಸ್ಟರೇ. ಹೊಳೀತಿರೋದು ಉಕ್ಕು. ಇದು ನನ್ನ ಕೆಲಸ."

ಪಾಸ್ಟರು ಬಗ್ಗಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. ಅವನು ಹೇಳಿದನು. ತನಗೆ ಕಣ್ಣು ಕಾಣುವುದಿಲ್ಲ, ನಾಲ್ಕು ವರ್ಷದಿಂದ ತಾನು ಜೋಡಿಸಿದ್ದನ್ನೆಲ್ಲ ಫ್ರೀಡಾ ಮತ್ತೆ ಬಿಚ್ಚಿ ಸರಿಮಾಡುತ್ತಿದ್ದಳು, ಅದು ತನಗೆ ಗೊತ್ತಾದದ್ದು ಈ ಬೆಳಗ್ಗೆ.

"ನಿಮ್ಮದಕ್ಕೆ ಅವಳಿರಲಿಲ್ಲ," ಎಂದನು.

ಪಾಸ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. ಪರವಾಗಿಲ್ಲ ಬಿಡಿ, ದೇವರು ದೊಡ್ಡವನು, ಏನೂ ಆಗಲಿಲ್ಲವಲ್ಲ ಎಂದು ಹೇಳತೊಡಗಿದರು. ಆ ಕೈಯ ತೂಕ ಆರ್ನೊಗೆ ಗೊತ್ತಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಕ್ಲೆಮ್ ಚಾಚಿದ ಕೈ ಅದೇ. ಗುರುವಾರ ಬೈಕು ತೆಗೆದುಕೊಂಡು ಹೋಗುತ್ತ ಬೆನ್ನು ತಟ್ಟಿದವರ ಕೈ ಅದೇ.

"ಹಾಗನ್ನಬೇಡಿ," ಎಂದನು. "ನನಗೆ ಎಲ್ಲರೂ ಹಾಗೇ ಅಂದಿದ್ದಾರೆ. ಅವಳೂ."

ಕೈ ಹೆಗಲಿನಿಂದ ಮೇಲೆದ್ದಿತು.

"ಗುರುವಾರ ಹನ್ನಾನ ಹಿಂದೆ ಕೂರಿಸ್ಕೊಂಡು ಹೋಗಿದ್ದೆ," ಎಂದರು ಪಾಸ್ಟರು. ಹನ್ನಾ ಅವರ ಮಗಳು, ಇನ್ನೂ ಸಣ್ಣವಳು. "ಆಂಗಸ್ಟನ್ ಇಳಿಜಾರಿನಲ್ಲಿ. ಜೋರಾಗಿ ಹೋಗಪ್ಪ ಅಂದ್ಲು. ಹೋದೆ." ಅವರ ಧ್ವನಿ ಈಗ ಬೇರೆಯಾಗಿತ್ತು, ವೇದಿಕೆಯ ಮೇಲೆ ಆರ್ನೊ ಅದನ್ನು ಕೇಳಿರಲಿಲ್ಲ. "ನಿಮಗೆ ಬೆಳಗ್ಗೆ ಗೊತ್ತಾಯ್ತು. ಒಳಗೆ ಬಂದ್ರಿ. ಕೇಕ್ ತಿಂದ್ರಿ. ನಾನು ಕೇಳ್ದೆ, ಯಾರಿಗಾದ್ರೂ ಅನ್ಯಾಯ ಆಗಿದ್ಯಾ ಅಂತ. ನನ್ನ ಮುಖ ನೋಡ್ಕೊಂಡು ಇಲ್ಲ ಅಂದ್ರಿ."

"ಅಂದೆ."

ಪಾಸ್ಟರು ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ದೊಡ್ಡದಾಗಿಯೇ ಕೇಳಿಸಿತು. ಆರ್ನೊ ಕರವಸ್ತ್ರ ತೆಗೆದು ಕಾಂಕ್ರೀಟನ್ನು ಒರೆಸತೊಡಗಿದನು. ಫ್ರೀಡಾ ಇಸ್ತ್ರಿ ಮಾಡಿ ಇಟ್ಟಿದ್ದ ಕೊನೆಯ ಕೆಲವು ಕರವಸ್ತ್ರಗಳಲ್ಲಿ ಒಂದು. ಎಣ್ಣೆ ಅಗಲವಾಯಿತು. ಅವನಿಗೆ ಅಳು ಬರಲಿಲ್ಲ. ಮುಖ ಮಾತ್ರ ಉರಿಯುತ್ತಿತ್ತು, ಚಿಕ್ಕಂದಿನಲ್ಲಿ ತಂದೆ ಎಲ್ಲರೆದುರು ಕಿವಿ ಹಿಂಡಿ ನಿಲ್ಲಿಸಿದಾಗ ಉರಿದಂತೆ. ಎಷ್ಟೋ ವರ್ಷದಿಂದ ಯಾರೂ ತನ್ನ ಮೇಲೆ ಸಿಟ್ಟಾಗಿರಲಿಲ್ಲ ಎಂಬುದು ಆಗ ಹೊಳೆಯಿತು.

ಬಾಗಿಲು ಮತ್ತೆ ತೆರೆಯಿತು. ಪಾಸ್ಟರು ಬಿಸಿನೀರಿನ ಬಕೆಟ್ಟು, ಸೋಪಿನ ಪುಡಿ, ಬ್ರಶ್ಶು ತಂದು ಅವನ ಪಕ್ಕದಲ್ಲಿ ಕುಕ್ಕಿದರು. ನೀರು ತುಳುಕಿ ಅವನ ಮೊಣಕಾಲು ತೋಯಿತು.

"ಮುಂದಿನ ಶನಿವಾರದಿಂದ ಬರ್ಬೇಡಿ," ಎಂದರು. "ಹೆಸರು ಕೊಡೋದು ನಿಂತು ಬಹಳ ಕಾಲ ಆಯ್ತು. ಇಲ್ಲಿ ಯಾರೂ ಬರಲ್ಲ. ನಿಮಗೆ ಬೇಜಾರಾಗತ್ತೆ ಅಂತ ನಾನು ಕೂತಿರ್ತಿದ್ದೆ. ಅದನ್ನೂ ನಿಮಗೆ ಹೇಳ್ಬೇಕಿತ್ತು."

"ಹಾಗಾದ್ರೆ ನಾಳೆ?"

"ನಾಳೆ ಎಲ್ಲರ ಹಾಗೆ ಬನ್ನಿ."

ಆರ್ನೊ ಬ್ರಶ್ಶು ತೆಗೆದುಕೊಂಡನು. ಸೋಪಿನ ಪುಡಿ ಎರಚಿ, ಬಿಸಿನೀರು ಸುರಿದು, ಎರಡೂ ಕೈಯಿಂದ ಉಜ್ಜಿದನು. ನೊರೆ ಕಪ್ಪಾಗಿ ಎದ್ದಿತು. ಪಾಸ್ಟರು ಒಳಗೆ ಹೋಗಲಿಲ್ಲ, ಸಹಾಯಕ್ಕೆ ಬಗ್ಗಲೂ ಇಲ್ಲ. ಎದೆಯ ಮೇಲೆ ಕೈಕಟ್ಟಿ ನಿಂತು ಅವನು ಮಾಡುವುದನ್ನೇ ನೋಡುತ್ತಿದ್ದರು. ಅವನು ಸಾಕೆನಿಸುವವರೆಗೆ ಉಜ್ಜಿ, ನೀರು ಹೊಯ್ದು, ಹಿಮ್ಮಡಿಯ ಮೇಲೆ ಕೂತನು. ನೆಲ ಸ್ವಚ್ಛವಾದಂತೆ ಕಂಡಿತು.

"ಅಲ್ಲಿ ಇನ್ನೂ ಇದೆ," ಎಂದರು ಪಾಸ್ಟರು, ಬೆರಳು ತೋರಿಸಿ.

ಆರ್ನೊ ಆ ಕಡೆ ತಲೆ ಹೊರಳಿಸಿದನು. ಎಡಗಣ್ಣಿನಿಂದ ನೋಡಿದನು, ಬಗ್ಗಿ ನೋಡಿದನು. ಬೂದು ಕಾಂಕ್ರೀಟಿನ ಹೊರತು ಅವನಿಗೆ ಏನೂ ಕಾಣಲಿಲ್ಲ.

"ಎಲ್ಲಿ?" ಎಂದು ಕೇಳಿದನು.